ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ: ಹಿತ್ತಲ ಕೆಲಸ, ಪೇಟೆ ಕೆಲಸ ಎರಡನ್ನೂ ಖುಷಿಯಿಂದ ಮಾಡುವುದು ಹೇಗೆ?

ದಸರಾ ಮುಗಿದಿದೆ, ದೀಪಾವಳಿ ಇನ್ನೂ ಬಂದಿಲ್ಲ. ನಡುವೆ ಸಿಗುವ ಈ ಇಪ್ಪತ್ತು ದಿನ ನಮ್ಮ ಮಲೆನಾಡಿನಲ್ಲಿ ವರ್ಷದಲ್ಲೇ ಒಳ್ಳೆಯ ಹವೆ. ಜೂನ್‌ನಿಂದ ಒಳಗೇ ಹರಡಿಕೊಂಡಿದ್ದ ಬಟ್ಟೆ ಅಂಗಳದ ತಂತಿಗೆ ಬರುತ್ತದೆ. ಮಣ್ಣು ಇನ್ನೂ ಮೆತ್ತಗಿರುತ್ತದೆ, ಕಳೆ ಎಳೆದರೆ ಬೇರು ಸಮೇತ ಬರುತ್ತದೆ. ಬಿಸಿಲು ಇದೆ, ಆದರೆ ಸುಡುವುದಿಲ್ಲ. ಶರದೃತು ಎಂದರೆ ಎಲೆ ಉದುರುವ ಕಾಲ ಅಂತ ಸಿನಿಮಾ ನೋಡಿ ಅಂದುಕೊಂಡವರು ಒಂದು ಸಲ ನಮ್ಮ ಕಡೆ ಬಂದು ನೋಡಬೇಕು. ಇಲ್ಲಿ ಎಲೆ ಉದುರುವುದು ಸಂಕ್ರಾಂತಿ ಕಳೆದ ಮೇಲೆ. ಈಗ ಎಲ್ಲವೂ ಹಸಿರು, ಬೇಡದ್ದೂ ಹಸಿರು.

ಕೆಲಸವೂ ಇದೇ ವಾರಗಳಲ್ಲಿ ರಾಶಿ ಬೀಳುತ್ತದೆ. ಅಂಗಳ ಹಾವಸೆ ಹಿಡಿದಿದೆ, ಹಿತ್ತಲು ಕಾಡಾಗಿದೆ, ಬ್ಯಾಂಕು, ಗಿರಣಿ, ಹಬ್ಬದ ಸಾಮಾನು ಎಲ್ಲ ಬಾಕಿ. ಒಂದು ರಜೆಯಲ್ಲಿ ಇದನ್ನೆಲ್ಲ ಮಾಡಹೊರಟರೆ ಸಂಜೆಗೆ ಸುಸ್ತು, ಸಿಟ್ಟು ಎರಡೂ ಗ್ಯಾರಂಟಿ. ಆದರೆ ಅಂಥ ದಿನ ಹಾಳಾಗುವುದು ಕೆಲಸ ಜಾಸ್ತಿಯಾಗಿ ಅಲ್ಲ, ಕಾಯುವುದು ಜಾಸ್ತಿಯಾಗಿ. ಗಿರಣಿಯಲ್ಲಿ ಕಾಯುವುದು, ಬೀಜ ನೆನೆಯಲು ಕಾಯುವುದು, ಕತ್ತಿ ಹರಿತವಿಲ್ಲದೆ ಒದ್ದಾಡುವುದು. ಅದಕ್ಕೆ ಈ ಮಾರ್ಗದರ್ಶಿಯ ಸೂತ್ರ ಒಂದೇ: ತನ್ನಷ್ಟಕ್ಕೆ ಆಗುವ ಕೆಲಸವನ್ನು ಮೊದಲು ಹಚ್ಚಿಬಿಡಿ. ಅದು ಆಗುತ್ತಿರುವಾಗ ನೀವು ಬೇರೆ ಕಡೆ ಇರಿ.

ಸಾಗರ, ತೀರ್ಥಹಳ್ಳಿ, ಶಿರಸಿಯಂಥ ಊರುಗಳಲ್ಲಿ ಒಂದು ಅಂಗಳ, ಒಂದಿಷ್ಟು ಹಿತ್ತಲು ಇರುವ ಮನೆಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮೈಸೂರು, ಬೆಂಗಳೂರಿನ ಸೈಟು ಮನೆಗೂ ಮುಕ್ಕಾಲು ಪಾಲು ಹೊಂದುತ್ತದೆ.

ಹಂತ 1: ಶುಕ್ರವಾರ ರಾತ್ರಿ, ಅರ್ಧ ಗಂಟೆ

ಒಂದು ಚೀಟಿ ತೆಗೆದುಕೊಳ್ಳಿ. ಪೇಟೆಯ ಕೆಲಸ ನಾಲ್ಕು, ಹಿತ್ತಲ ಕೆಲಸ ಎರಡು ಅಥವಾ ಮೂರು. ಅದಕ್ಕಿಂತ ಜಾಸ್ತಿ ಬರೆಯಬೇಡಿ. ಹತ್ತು ಬರೆದು ಆರು ಮುಗಿಸಿದರೆ ಬೇಜಾರು, ಆರು ಬರೆದು ಆರೂ ಮುಗಿಸಿದರೆ ಖುಷಿ. ಕೆಲಸ ಅಷ್ಟೇ, ಅಲ್ವಾ?

ಆಮೇಲೆ ಬೀಜ ನೆನೆಹಾಕಿ. ಕೊತ್ತಂಬರಿ ಬೀಜ ಇಡಿಯಾಗಿ ಬಿತ್ತಿದರೆ ಹುಟ್ಟುವುದು ಕಡಿಮೆ. ಒಂದೊಂದು ಉರುಟು ಕಾಳಿನೊಳಗೂ ಎರಡು ಬೀಜ ಇರುತ್ತವೆ. ಗೋಣಿಚೀಲದ ಮೇಲೆ ಹರಡಿ, ಬಾಟಲಿಯನ್ನು ಮೆಲ್ಲಗೆ ಉರುಳಿಸಿ. ಚಟ್ ಚಟ್ ಎಂದು ಎರಡು ಹೋಳಾಗುತ್ತವೆ. ಪುಡಿಯಾಗಬಾರದು, ಬರೀ ಬಿರಿಯಬೇಕು. ಅದನ್ನು ರಾತ್ರಿಯಿಡೀ ನೀರಿನಲ್ಲಿ ಬಿಡಿ. ಮೆಂತ್ಯವನ್ನೂ ಬೇರೆ ಬಟ್ಟಲಲ್ಲಿ ನೆನೆಹಾಕಿ. ಅಡುಗೆಮನೆಯ ಡಬ್ಬದ ಮೆಂತ್ಯವೇ ಸಾಕು, ಹಳೆಯದಾಗಿರದಿದ್ದರೆ ಚೆನ್ನಾಗಿಯೇ ಹುಟ್ಟುತ್ತದೆ. ಹರಿವೆಗೆ ನೆನೆಸುವ ಗೊಡವೆ ಇಲ್ಲ.

ಮೊಂಡಾದ ಕತ್ತಿ, ಬಟ್ಟೆ ಚೀಲ, ಪಾಸ್‌ಬುಕ್ಕು, ಹೊಲಿಸಬೇಕಾದ ಚಪ್ಪಲಿ ಎಲ್ಲ ಈಗಲೇ ಸ್ಕೂಟರಿನ ಹತ್ತಿರ ಇಡಿ. ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಿ. ಬೆಳಿಗ್ಗೆ ಹುಡುಕುವ ಕೆಲಸ ಒಂದೂ ಇರಬಾರದು.

ಮಲಗುವ ಮುಂಚೆ ಆಕಾಶದ ಲೆಕ್ಕವನ್ನೂ ಸ್ವಲ್ಪ ಹಾಕಿ. ಅಕ್ಟೋಬರ್ 10ರ ಆಸುಪಾಸಿನಿಂದ 23ರ ತನಕ ಚಿತ್ತಾ ಮಳೆ, ಅದರ ಮೇಲೆ ಸ್ವಾತಿ. ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ ಹಿಂದೆ ಸರಿದರೂ ಗುಡುಗಿನ ಮಳೆ ಬಿಡುವುದಿಲ್ಲ. ಅದು ಬರುವುದು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಹಾಗಾಗಿ ಬಿಸಿಲು ಬೇಕಾದ ಕೆಲಸವೆಲ್ಲ ಬೆಳಿಗ್ಗೆಗೆ. ಮಧ್ಯಾಹ್ನ ಒಂದೂವರೆಯೊಳಗೆ ಪೇಟೆಯಿಂದ ವಾಪಸ್.

ಹಂತ 2: ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಹಿತ್ತಲು

ಕಾಫಿ ಕುಡಿದು ಇಳಿಯಿರಿ. ತಿಂಡಿ ಆಮೇಲೆ. ಹೊಟ್ಟೆ ತುಂಬಿಸಿಕೊಂಡು ಬಗ್ಗುವುದು ಕಷ್ಟ.

ಗಮ್‌ಬೂಟು, ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ. ಇದು ಆಡಂಬರ ಅಲ್ಲ. ರಕ್ತ ಹೀರುವ ಇಂಬಳ (ಜಿಗಣೆ) ಇನ್ನೂ ಇರುತ್ತದೆ. ಗಾಯವಿರುವ ಕಾಲಿನಲ್ಲಿ ಕೊಚ್ಚೆ ನೀರು ತುಳಿದರೆ ಇಲಿಜ್ವರದ ಭಯ. ಹುಲ್ಲು ದಟ್ಟವಾಗಿರುವ ಕಡೆ, ಕಟ್ಟಿಗೆ ರಾಶಿಯ ಹತ್ತಿರ ಮೊದಲು ಕೋಲಿನಿಂದ ಬಡಿದು, ಒಂದು ನಿಮಿಷ ಬಿಟ್ಟು ಆಮೇಲೆ ಕೈ ಹಾಕಿ. ಕೊಳಕುಮಂಡಲ ಹಾವು ಎಲೆಯ ಬಣ್ಣಕ್ಕೇ ಹೊಂದಿಕೊಂಡು ಬಿದ್ದಿರುತ್ತದೆ. ಅಪ್ಪಿತಪ್ಪಿ ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು ಬೇಡ. ಅಲ್ಲಾಡದಂತೆ ಕೂರಿಸಿ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಳಿಯುವಾಗಲೇ ರಾಗಿಯನ್ನೋ ಗೋಧಿಯನ್ನೋ ಚಾಪೆಯ ಮೇಲೆ ಹರಡಿಡಿ. ಬಿಸಿಲು ತಾನಾಗಿ ಬಂದು ಬೀಳುತ್ತದೆ. ಮಳೆಗಾಲದ ಪಸೆ ಹಿಡಿದ ಧಾನ್ಯ ಗಿರಣಿಯಲ್ಲಿ ಅಂಟುತ್ತದೆ, ಹಿಟ್ಟು ಬೇಗ ಮುಗ್ಗುತ್ತದೆ. ಹತ್ತರವರೆಗೆ ಕಾದರೆ ಸಾಕು. ತನ್ನಷ್ಟಕ್ಕೆ ಆಗುವ ಮೊದಲ ಕೆಲಸ ಹಚ್ಚಿದಿರಿ.

ನಿಂತ ನೀರು ಚೆಲ್ಲಿ. ತೆಂಗಿನ ಚಿಪ್ಪು, ಅಡಿಕೆ ಹಾಳೆ, ಒಡೆದ ಬಕೆಟು, ಹೂಕುಂಡದ ತಟ್ಟೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಏಳೆಂಟು ದಿನ ಸಾಕು, ಆದ್ದರಿಂದ ವಾರಕ್ಕೊಂದು ಸಲ ಚೆಲ್ಲಿದರೆ ಆ ಸರಪಣಿ ಅಲ್ಲೇ ತುಂಡು. ಹತ್ತು ನಿಮಿಷದ ಕೆಲಸ, ಚೀಟಿಯಲ್ಲಿ ಬರೆಯುವಷ್ಟೂ ಇಲ್ಲ.

ಈಗ ಕಳೆ. ಇಬ್ಬನಿ ಆರುವ ಮುಂಚೆ ಮಣ್ಣು ಸಡಿಲ ಇರುತ್ತದೆ, ಬುಡ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಬರುತ್ತದೆ. ನಮ್ಮ ಹಿತ್ತಲುಗಳಲ್ಲಿ ಕಾಂಗ್ರೆಸ್ ಗಿಡವೂ ಇದೆ, ಕಮ್ಯುನಿಸ್ಟ್ ಗಿಡವೂ ಇದೆ. ಪಕ್ಷಭೇದ ಮಾಡದೆ ಎರಡನ್ನೂ ಹೂ ಬಿಡುವ ಮುಂಚೆ ಕೀಳಿ. ಹೂ ಬಿಟ್ಟರೆ ಒಂದೊಂದು ಕಾಂಗ್ರೆಸ್ ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ಮುಟ್ಟಿದರೆ ಕೆಲವರಿಗೆ ಮೈ ತುರಿಕೆ, ಕೆಲವರಿಗೆ ಸೀನು, ಆದ್ದರಿಂದ ಬರಿಗೈ ಬೇಡ.

ಕೀಳುವಾಗ ಎಲೆಯ ಮೇಲೆ ಒಂದು ಚಿಕ್ಕ ದುಂಬಿ ಕಂಡರೆ ನಿಂತು ನೋಡಿ. ತಿಳಿ ಹಳದಿ ಬೆನ್ನು, ಅದರ ಮೇಲೆ ಕಂದು ಗೀರುಗಳು, ಉಗುರಿನಷ್ಟೂ ದೊಡ್ಡದಲ್ಲ. ಇದು ಮೆಕ್ಸಿಕೋದ ದುಂಬಿ. ಕಾಂಗ್ರೆಸ್ ಗಿಡವನ್ನು ತಿನ್ನಿಸಲೆಂದೇ 1980ರ ದಶಕದಲ್ಲಿ ಬೆಂಗಳೂರಿಗೆ ತಂದು ಬಿಟ್ಟಿದ್ದು, ಆಮೇಲೆ ಎಲ್ಲ ಕಡೆ ಹಬ್ಬಿತು. ಮಳೆಗಾಲದಲ್ಲಿ ಚುರುಕು, ಬೇಸಿಗೆಯಲ್ಲಿ ಮಣ್ಣೊಳಗೆ ನಿದ್ದೆ. ಅದು ಮೇಯುತ್ತಿರುವ ನಾಲ್ಕು ಗಿಡವನ್ನು ಬೇಲಿಯಾಚೆಗೆ ಎಸೆದುಬಿಡಿ, ದುಂಬಿ ಅದರ ಪಾಡಿಗೆ ಇನ್ನೊಂದು ಗಿಡ ಹತ್ತಲಿ.

ಮುಟ್ಟಿದರೆ ಮುನಿಯನ್ನು ಎಳೆಯುವ ಸಾಹಸ ಬೇಡ, ಬುಡಕ್ಕೆ ಗುದ್ದಲಿ ಹಾಕಿ. ಒಂದೆಲಗ ಮಾತ್ರ ಉಳಿಸಿ. ಮಧ್ಯಾಹ್ನ ಬೇಕು.

ಆಫ್ರಿಕನ್ ಬಸವನಹುಳು ಇರುವ ಹಿತ್ತಲಾದರೆ, ಹಿಂದಿನ ಸಂಜೆಯೇ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟಿರಿ. ಬೆಳಿಗ್ಗೆ ಚೀಲ ಎತ್ತಿದರೆ ಒಂದು ಬಳಗವೇ ಕೂತಿರುತ್ತದೆ. ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪನ್ನು ಮಣ್ಣಿಗೇ ಎರಚುವವರಿದ್ದಾರೆ. ಹುಳ ಸಾಯುತ್ತದೆ, ಜೊತೆಗೆ ಗಿಡವೂ.

ಅಂಗಳದ ಹಾವಸೆಗೆ ಬನ್ನಿ. ಸಿಮೆಂಟಿನ ಅಂಗಳವಾದರೆ ಮೊದಲು ನೀರು ಹಾಕಿ ನೆನೆಸಿ, ಬ್ಲೀಚಿಂಗ್ ಪೌಡರ್ ತೆಳ್ಳಗೆ ಎರಚಿ ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಅಷ್ಟರಲ್ಲಿ ಕಳೆ ಕೀಳಿ. ಆಮೇಲೆ ಕಡ್ಡಿ ಪೊರಕೆಯಿಂದ ಗಸಗಸ ತಿಕ್ಕಿ ತೊಳೆಯಿರಿ. ತೊಳೆದ ನೀರು ತುಳಸಿಕಟ್ಟೆಯ ಕಡೆಗೋ ಬಾವಿಯ ಕಡೆಗೋ ಹರಿಯದಂತೆ ನೋಡಿಕೊಳ್ಳಿ. ಒಂದು ಮಾತು ಮರೆಯಬೇಡಿ: ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಲೇಬಾರದು, ಕ್ಲೋರಿನ್ ವಿಷಗಾಳಿ ಏಳುತ್ತದೆ. ಮಣ್ಣಿನ ಅಂಗಳವಾದರೆ ಈ ಪುಡಿಯ ಸಹವಾಸವೇ ಬೇಡ. ಗುದ್ದಲಿಯಿಂದ ಮೇಲಿನ ಪದರ ತೆಳ್ಳಗೆ ಕೆತ್ತಿ, ಉಬ್ಬು ತಗ್ಗು ಸರಿಮಾಡಿ, ತಟ್ಟಿ, ಮಳೆ ಪೂರ್ತಿ ನಿಂತ ಮೇಲೆ ಸಗಣಿ ಸಾರಿಸಿ. ಅಡಿಕೆ ಒಣಗಿಸುವ ಮನೆಗಳಲ್ಲಿ ಇದು ಹೇಗೂ ದೊಡ್ಡ ಕೆಲಸ, ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

ಒಂಬತ್ತಾಯಿತು. ಕೈ ತೊಳೆದು ತಿಂಡಿ ತಿನ್ನಿ. ಒಗ್ಗರಣೆ ಅವಲಕ್ಕಿಯಾದರೆ ಮಾಡುವವರಿಗೂ ಸುಲಭ.

ಹಂತ 3: ಹತ್ತರಿಂದ ಒಂದು, ಪೇಟೆ

ಪೇಟೆಯಲ್ಲಿ ಕ್ರಮ ಹೀಗಿರಲಿ: ಮೊದಲು ಕೊಡುವುದು, ನಡುವೆ ಕ್ಯೂ ನಿಲ್ಲುವುದು, ಕೊನೆಗೆ ಕೊಳ್ಳುವುದು ಮತ್ತು ಕೊಟ್ಟದ್ದನ್ನು ವಾಪಸ್ ತರುವುದು.

ಕತ್ತಿಯನ್ನು ಕಮ್ಮಾರಸಾಲೆಯಲ್ಲಿ ಕೊಟ್ಟು, ರಾಗಿ ಡಬ್ಬ ಗಿರಣಿಯಲ್ಲಿಟ್ಟು, ಚಪ್ಪಲಿ ಹೊಲಿಯುವವರ ಮುಂದೆ ಬಿಟ್ಟು ಮುಂದೆ ಹೋಗಿ. ಮೂವರೂ ನಿಮ್ಮ ಕೆಲಸ ಮಾಡುತ್ತಿದ್ದಾರೆ, ನೀವು ಮಾತ್ರ ಬ್ಯಾಂಕಿನಲ್ಲಿ ನಿಂತಿದ್ದೀರಿ. ಡಬ್ಬದ ಮೇಲೆ ಹೆಸರು, ಹಿಟ್ಟು ನುಣ್ಣಗೆ ಬೇಕೋ ತರಿ ಬೇಕೋ ಎಂದು ಬರೆದ ಚೀಟಿ ಅಂಟಿಸಿದರೆ ಒಳ್ಳೆಯದು. ಗಿರಣಿಯ ಸದ್ದಿನಲ್ಲಿ ನಾವು ಹೇಳಿದ್ದೊಂದು, ಅವರಿಗೆ ಕೇಳಿಸಿದ್ದೊಂದು.

ಬ್ಯಾಂಕು ತಿಂಗಳ ಎರಡನೇ, ನಾಲ್ಕನೇ ಶನಿವಾರ ರಜೆ. ಹೋಗುವ ಮುಂಚೆ ಕ್ಯಾಲೆಂಡರ್ ನೋಡಿ.

ಮನೆಯಲ್ಲಿ ಪಿಂಚಣಿ ಬರುವ ಹಿರಿಯರಿದ್ದರೆ ಈ ತಿಂಗಳ ಒಂದು ಕೆಲಸ ನೆನಪಿಡಿ. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. 80 ವರ್ಷ ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ನವೆಂಬರ್ ಮೊದಲ ವಾರದ ನೂಕುನುಗ್ಗಲಿಗೆ ಅಜ್ಜ ಅಜ್ಜಿಯನ್ನು ಕರೆದೊಯ್ಯುವ ಬದಲು ಈಗಲೇ ಮುಗಿಸಿ. ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡುವ ವ್ಯವಸ್ಥೆಯೂ ಬಂದಿದೆ. ಅಂಚೆಯಣ್ಣನಿಗೆ ಹೇಳಿದರೆ ಸಣ್ಣ ಶುಲ್ಕಕ್ಕೆ ಮನೆಗೇ ಬಂದು ಮಾಡಿಕೊಡುತ್ತಾರೆ. ಹಿರಿಯರಿಗೆ ಅದೇ ಹೆಚ್ಚು ಇಷ್ಟ, ಅಂಚೆಯಣ್ಣನ ಜೊತೆ ಒಂದು ಗಂಟೆ ಮಾತಾಡಲೂ ಸಿಗುತ್ತದೆ.

ಬೀಜದ ಅಂಗಡಿಯಲ್ಲಿ ಪೊಟ್ಟಣದ ಚಿತ್ರ ನೋಡಿ ಮರುಳಾಗಬೇಡಿ. ತಿರುಗಿಸಿ ಅವಧಿ ಯಾವಾಗಿನವರೆಗೆ, ಮೊಳಕೆ ಪ್ರಮಾಣ ಎಷ್ಟು ಎಂದು ಓದಿ. ಈಗ ತರಬೇಕಾದ್ದು ಮೂಲಂಗಿ, ಹರಿವೆ, ಬೀನ್ಸ್. ದೀಪಾವಳಿಗೆ ಹೂ ಬೇಕೆಂದು ಚೆಂಡು ಹೂವಿನ ಬೀಜ ಕೇಳುವವರು ಪ್ರತಿ ವರ್ಷ ಇರುತ್ತಾರೆ. ಚೆಂಡು ಹೂ ಬೀಜದಿಂದ ಅರಳಲು ಹತ್ತಿರ ಎರಡು ತಿಂಗಳು ಹಿಡಿಯುತ್ತದೆ. ಇವತ್ತು ಬಿತ್ತಿದರೆ ಡಿಸೆಂಬರ್‌ನಲ್ಲಿ ಹೂ ಶುರುವಾಗಿ ಸಂಕ್ರಾಂತಿಗೆ ಧಾರಾಳ. ದೀಪಾವಳಿಗೆ ಮಾರುಕಟ್ಟೆಯೇ ಗತಿ.

ಹಬ್ಬದ ಸಾಮಾನಿನಲ್ಲಿ ಕೆಡದೇ ಇರುವುದನ್ನು ಇವತ್ತೇ ತೆಗೆದುಕೊಳ್ಳಿ: ಹಣತೆ, ಬತ್ತಿ, ಎಳ್ಳೆಣ್ಣೆ, ಹಂಡೆ ತಿಕ್ಕಲು ಹುಣಸೆಹಣ್ಣು. ನೀರು ತುಂಬುವ ಹಬ್ಬದ ಹಿಂದಿನ ದಿನ ಅಂಗಡಿಗೆ ಹೋಗುವುದು ಎಂದರೆ ಏನು ಅಂತ ನಿಮಗೇ ಗೊತ್ತು. ತರಕಾರಿ ಎಲ್ಲಕ್ಕಿಂತ ಕೊನೆಗೆ, ಬಿಸಿಲಿನಲ್ಲಿ ಸ್ಕೂಟರಿನ ಮೇಲೆ ಬಾಡಬಾರದಲ್ಲ.

ಇನ್ನು, ಚೀಟಿಯಲ್ಲಿ ಬರೆಯದ ಒಂದು ಕೆಲಸಕ್ಕೆ ಜಾಗ ಬಿಡಿ. ಹೋಟೆಲಿನಲ್ಲಿ ಒಂದು ಕಾಫಿ, ಪರಿಚಯದವರ ಜೊತೆ ಅಡಿಕೆ ರೇಟಿನ ಮಾತು. "ಏನ್ ಮಾರಾಯ್ರೆ, ಕಾಣೋದೇ ಇಲ್ಲ?" ಎಂದು ಯಾರಾದರೂ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಗಡಿಯಾರ ನೋಡುತ್ತಾ ಮಾತಾಡಿದರೆ ಅವರಿಗೂ ಕಿರಿಕಿರಿ, ನಿಮಗೂ. ಮೊದಲೇ ಅರ್ಧ ಗಂಟೆ ಬಿಟ್ಟಿದ್ದರೆ ಅದೇ ದಿನದ ಒಳ್ಳೆಯ ಭಾಗ ಆಗಿಬಿಡುತ್ತದೆ. ಪೇಟೆ ಕೆಲಸವನ್ನೆಲ್ಲ ಮೊಬೈಲಿನಲ್ಲೇ ಮುಗಿಸುವವರು ಉಳಿಸುವ ಸಮಯ ಎಷ್ಟೋ, ಕಳೆದುಕೊಳ್ಳುವ ಸುದ್ದಿಯೂ ಅಷ್ಟೇ ಇರಬೇಕು.

ಬರುವಾಗ ಗಿರಣಿ, ಚಪ್ಪಲಿ, ಕತ್ತಿ. ಹಿಟ್ಟು ಇನ್ನೂ ಬಿಸಿಯಿರುತ್ತದೆ. ಮನೆಗೆ ಬಂದೊಡನೆ ಅಗಲ ಪಾತ್ರೆಗೆ ಹಾಕಿ ಆರಲು ಬಿಡಿ, ಬಿಸಿ ಹಿಟ್ಟಿಗೆ ಮುಚ್ಚಳ ಹಾಕಿದರೆ ಒಳಗೇ ಬೆವರುತ್ತದೆ. ಹಣತೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ನೀರು ಕುಡಿದ ಹಣತೆ ಹಬ್ಬದ ದಿನ ಎಣ್ಣೆ ಕಡಿಮೆ ಕುಡಿಯುತ್ತದೆ. ಸಂಜೆ ತೆಗೆದು ಒಣಗಿಸಿದರಾಯಿತು.

ಹಂತ 4: ಊಟ, ಅರ್ಧ ಗಂಟೆ ಅಡ್ಡ

ಬೆಳಿಗ್ಗೆ ಉಳಿಸಿದ ಒಂದೆಲಗ ಈಗ ಕೆಲಸಕ್ಕೆ ಬಂತು. ಎರಡು ಹಿಡಿ ಎಲೆ ಚೆನ್ನಾಗಿ ತೊಳೆಯಿರಿ. ತುಪ್ಪದಲ್ಲಿ ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದಕ್ಕೇ ಎಲೆ ಹಾಕಿ ಬಾಡಿಸಿ. ಅರ್ಧ ಬಟ್ಟಲು ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು, ಸಾಸಿವೆ ಒಗ್ಗರಣೆ. ಇದನ್ನು ಕುದಿಸಬಾರದು. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ, ಪಕ್ಕಕ್ಕೆ ಒಂದು ಹಪ್ಪಳ. ಬೆಳಿಗ್ಗೆಯಿಂದ ಬಗ್ಗಿ ಎದ್ದವರಿಗೆ ಸಾರು, ಪಲ್ಯ, ಪಾಯಸ ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಊಟವಾದ ಮೇಲೆ ಅರ್ಧ ಗಂಟೆ ಮಲಗಿ. ಆ ಹೊತ್ತಿಗೆ ಗುಡುಗು ಶುರುವಾದರೆ ಇನ್ನೂ ಒಳ್ಳೆಯದು, ಸುಮ್ನೆ ಮುಂದುವರಿಸಿ. ಗುಡುಗುತ್ತಿರುವಾಗ ತೋಟದಲ್ಲಿ, ಮರದ ಕೆಳಗೆ ಇರುವುದಂತೂ ಬೇಡ.

ಹಂತ 5: ಮೂರೂವರೆಯಿಂದ ಆರು, ಬಿತ್ತನೆ ಮತ್ತು ಗೊಬ್ಬರದ ಗುಂಡಿ

ಈಗ ಹರಿತ ಕತ್ತಿ ಇದೆ, ನೆನೆದ ಬೀಜ ಇದೆ, ಕಳೆ ತೆಗೆದ ಜಾಗ ಇದೆ. ಬೆಳಿಗ್ಗೆ ಇದನ್ನೇ ಮಾಡಹೊರಟಿದ್ದರೆ ಒಂದೂ ಇರುತ್ತಿರಲಿಲ್ಲ.

ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಮಡಿ ಸಾಕು. ಅಗಲ ನಾಲ್ಕಡಿ ದಾಟಬಾರದು, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಅರ್ಧ ಅಡಿ ಎತ್ತರ ಮಾಡಿ, ಇನ್ನೂ ಮಳೆ ಬರುವುದಿದೆ, ನೀರು ನಿಂತರೆ ಬೀಜ ಕೊಳೆಯುತ್ತದೆ. ಎರಡು ಬುಟ್ಟಿ ಹಳೆಯ ಗೊಬ್ಬರ ಬೆರೆಸಿ.

ಕೊತ್ತಂಬರಿ, ಮೆಂತ್ಯ, ಮೂಲಂಗಿ ಅರ್ಧ ಇಂಚು ಆಳಕ್ಕೆ. ಹರಿವೆ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಇರುವೆ ಕಾಟ ಇರುವ ಕಡೆ ಮರಳಿನ ಬದಲು ಅಕ್ಕಿ ತರಿ ಬೆರೆಸುವುದು ಹಳಬರ ಉಪಾಯ. ಇರುವೆ ತರಿ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ಮೆಂತ್ಯ, ಹರಿವೆ ನಾಲ್ಕೈದು ದಿನದಲ್ಲಿ ತಲೆ ಎತ್ತುತ್ತವೆ, ತಿಂಗಳೊಳಗೆ ಅಡುಗೆಮನೆಗೆ ಬರುತ್ತವೆ. ಕೊತ್ತಂಬರಿ ಮಾತ್ರ ಹತ್ತು ಹನ್ನೆರಡು ದಿನ ಸತಾಯಿಸುತ್ತದೆ. ಹುಟ್ಟಲಿಲ್ಲ ಎಂದು ಕೆದಕಿ ನೋಡಬೇಡಿ. ಮೇಲೆ ತೆಂಗಿನ ಸೋಗೆ ಮುಚ್ಚಿ, ಜೋರು ಮಳೆಗೆ ಬೀಜ ಚದುರುವುದಿಲ್ಲ. ಮೊಳಕೆ ಕಂಡ ದಿನವೇ ಸೋಗೆ ತೆಗೆಯಿರಿ.

ಹರಿತ ಕತ್ತಿ ಕೈಯಲ್ಲಿದ್ದಾಗ ಕಂಡದ್ದೆಲ್ಲ ಕಡಿಯುವ ಚಪಲ ಬರುತ್ತದೆ. ಗುಲಾಬಿ, ದಾಸವಾಳ ಸವರಿ, ಪರವಾಗಿಲ್ಲ. ಮಾವಿನ ತಂಟೆಗೆ ಹೋಗಬೇಡಿ. ಈಗ ಕಡಿದರೆ ಹೊಸ ಚಿಗುರು ಬಂದು, ಚಳಿಗಾಲದಲ್ಲಿ ಬರಬೇಕಾದ ಹೂ ತಪ್ಪುತ್ತದೆ. ಮಲ್ಲಿಗೆಗೂ ನವೆಂಬರ್ ಕೊನೆಯವರೆಗೆ ರಜೆ ಕೊಡಿ.

ಕಿತ್ತ ಕಳೆಯ ರಾಶಿ ಗೊಬ್ಬರದ ಗುಂಡಿಗೆ. ಇಲ್ಲಿ ನಮ್ಮ ಶರತ್ಕಾಲದ ತೊಂದರೆ ಏನೆಂದರೆ ಹಸಿ ಬೇಕಾದಷ್ಟಿದೆ, ಒಣ ಇಲ್ಲ. ಬರೀ ಹಸಿ ತುಂಬಿದರೆ ಲೋಳೆಯಾಗಿ ನಾರುತ್ತದೆ. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣದ್ದು ಬೇಕು: ಹುಲ್ಲು, ಮರದ ಪುಡಿ, ಹರಿದ ರಟ್ಟಿನ ಡಬ್ಬ, ಒಣಗಿದ ಅಡಿಕೆ ಹಾಳೆಯ ಚೂರು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ಪಸೆ ಇರಲಿ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಿಗೆ ಗೊಬ್ಬರ. ಬೀಜ ಕಟ್ಟಿದ ಕಳೆಯನ್ನು ಮಾತ್ರ ಹಾಕಬೇಡಿ, ಮುಂದಿನ ವರ್ಷ ಗೊಬ್ಬರದ ಜೊತೆ ಅದನ್ನೂ ನೀವೇ ಬಿತ್ತಿದ ಹಾಗಾಗುತ್ತದೆ.

ಒಣದ್ದು ಸಾಲದೆಂದು ಕಾಡಿನಂಚಿಗೆ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋಗುವವರು ಉಣುಗಿನ ಬಗ್ಗೆ ಜಾಗ್ರತೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇಲ್ಲೇ ಸೊರಬದ ಕ್ಯಾಸನೂರು ಕಾಡಿನ ಬಳಿ. ಅದರ ಕಾಲ ನವೆಂಬರ್, ಡಿಸೆಂಬರ್‌ನಿಂದ ಏರುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸವರಿಕೊಂಡೇ ಹೋಗಿ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಹತ್ತಿರದಲ್ಲಿ ಮಂಗ ಸತ್ತದ್ದು ಕಂಡರೆ ಆ ಕಡೆ ಕಾಲಿಡದೆ ಇಲಾಖೆಗೆ ತಿಳಿಸಿ.

ಹಂತ 6: ಮುಗಿಸುವುದು

ಆರು ಗಂಟೆಗೆ ಕತ್ತಲಾಗುತ್ತಾ ಬರುತ್ತದೆ. ಐದೂ ಮುಕ್ಕಾಲಿಗೆ ಕೈಯಲ್ಲಿದ್ದದ್ದನ್ನು ಬಿಡಿ, ಅರ್ಧವಾಗಿದ್ದರೂ. ಗುದ್ದಲಿ, ಕತ್ತಿ ತೊಳೆದು, ಒರೆಸಿ, ಬಾಯಿಗೆ ಒಂದು ಹನಿ ಎಣ್ಣೆ ಸವರಿ ಮೇಲೆ ಸಿಕ್ಕಿಸಿ. ಹಣತೆ ನೀರಿನಿಂದ ತೆಗೆದು ಹರಡಿ. ಹಿಟ್ಟು ಆರಿದೆ, ಈಗ ಡಬ್ಬಕ್ಕೆ ತುಂಬಿ. ಬಚ್ಚಲೊಲೆಗೆ ಐದು ಗಂಟೆಗೇ ಎರಡು ಕಟ್ಟಿಗೆ ಕುಂಟೆ ಹಾಕಿ ಬಂದಿದ್ದರೆ ಹಂಡೆ ನೀರು ಇಷ್ಟೊತ್ತಿಗೆ ಕಾದಿರುತ್ತದೆ. ಸೊಂಟಕ್ಕೆ ಎರಡು ಚೊಂಬು ಜಾಸ್ತಿ ಹೊಯ್ದುಕೊಳ್ಳಿ.

ಸ್ನಾನ ಮುಗಿಸಿ ಜಗಲಿಗೆ ಬಂದು ಕೂತಾಗ ಮನೆಯವರು ಯಾರಾದರೂ "ಆ ಕಡೆ ಬೇಲಿ ಮೂಲೆ ಹಾಗೇ ಉಳಿದಿದೆಯಲ್ಲ" ಎಂದೇ ಅನ್ನುತ್ತಾರೆ. ಹೌದು ಎನ್ನಿ. ಮುಂದಿನ ಶನಿವಾರದ ಚೀಟಿಯಲ್ಲಿ ಬೇಲಿ ಮೂಲೆ ಎಂದು ಬರೆದು, ಎದುರಿಗೆ ಅವರ ಹೆಸರು ಹಾಕಿ.